ಆರ್‌ಎಫ್ ಇಂಟರ್‌ಫಿಯರೆನ್ಸ್ ಟೆಸ್ಟಿಂಗ್ ಇರೋ ಫ್ರೆಶರ್ ಸಿಸ್ಟಮ್ಸ್ ಇಂಜಿನಿಯರ್ ಕೆಲ್ಸ, ಸೇರೋದಾ ಬೇಡ್ವಾ? (ಮೈಸೂರು)

ಮಂಡ್ಯಸೀಮೆ ಇಸಿ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಯ್ತದೆ ಬೇಜಾರು ಮಾಡ್ಕೋಬೇಡಿ. ನಾನು ಮಂಡ್ಯ ಪಕ್ಕದ ಹಳ್ಳಿಯವ್ನು, ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಇಂಜಿನಿಯರಿಂಗ್ ಮುಗ್ಸಿ ಮನೇಲಿದೀನಿ, ಕ್ಯಾಂಪಸ್ಸಲ್ಲಿ ಆಗ್ಲಿಲ್ಲ. ಈಗ ಮೈಸೂರು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಿಂದ ಆಫರ್ ಬರೋ ಹಂಗದೆ. ಪೋಸ್ಟು ಸಿಸ್ಟಮ್ಸ್ ಇಂಜಿನಿಯರ್, ಎಂಟ್ರಿ ಲೆವೆಲ್. ಆದ್ರೆ ಕೆಲ್ಸದ ವಿವರ ಓದುದ್ರೆ ಅರ್ಧಕ್ಕರ್ಧ ರೇಡಿಯೋ ಫ್ರೀಕ್ವೆನ್ಸಿ ಇಂಟರ್‌ಫಿಯರೆನ್ಸ್ ಟೆಸ್ಟಿಂಗು, ಲ್ಯಾಬಲ್ಲಿ ಸೆಟಪ್ ಮಾಡೋದು, ಟೆಸ್ಟ್ ಪ್ಲಾನು, ರಿಪೋರ್ಟು, ರಿಕ್ವೈರ್ಮೆಂಟ್ ಟ್ರ್ಯಾಕಿಂಗು ಅಂತೆಲ್ಲ ಅದೆ. ಸಂಬಳ ಐಟಿಯವ್ರು ಕೊಡೋದಕ್ಕಿಂತ ಕಮ್ಮಿನೇ.

ನಮ್ ದೊಡ್ಡಪ್ಪ ಪೋಸ್ಟಿನ ಹೆಸ್ರು ಕೇಳಿ "ಹುಡ್ಗ ಇನ್ಫೋಸಿಸ್‌ಗೆ ಸೇರ್ಕಂಡ" ಅಂತ ಊರೆಲ್ಲ ಹೇಳ್ಕಂಡ್ ಬಂದವ್ರೆ, ಅದೊಂದು ತಲೆನೋವು. ಅವ್ವಂಗೆ ರೇಡಿಯೇಷನ್ ಭಯ. ಫ್ರೆಂಡ್ಸು "ಟೆಸ್ಟಿಂಗ್‌ಗೆ ಹೋದ್ರೆ ಅಲ್ಲೇ ಕೊಳೀತೀಯ, ಜಾವಾ ಕಲಿ" ಅಂತಾವ್ರೆ. ಈ ಫೀಲ್ಡಲ್ಲಿ ಇರೋರು ಯಾರಾದ್ರೂ ನಿಜ ಹೇಳಿ, ಇದ್ರಲ್ಲಿ ಮುಂದೆ ದಾರಿ ಅದಾ? ಇನ್ನೊಂದು ಟೆಕ್ನಿಕಲ್ ರೌಂಡ್ ಬಾಕಿ ಅದೆ, ಏನು ಓದ್ಕಬೇಕು?

ಕೋಡ್ ಕುಟ್ಟೋನು:
ಗುರು ನೇರವಾಗಿ ಹೇಳ್ಬಿಡ್ತೀನಿ, ಬೇಡ. ನಮ್ ಬ್ಯಾಚಲ್ಲಿ ಕೋರ್ ಕೋರ್ ಅಂತ (ಐಟಿ ಬಿಟ್ಟು ಓದಿದ ಬ್ರಾಂಚಿನ ಕೆಲ್ಸಕ್ಕೇ) ಹೋದೋರೆಲ್ಲ ಎರಡು ವರ್ಷ ಆದ್ಮೇಲೆ ವಾಪಸ್ ಬಂದು ನಮ್ಮತ್ರನೇ ರೆಫರಲ್ ಕೇಳಿದ್ರು. ಟೆಸ್ಟಿಂಗ್ ಯಾವತ್ತಿದ್ರೂ ಟೆಸ್ಟಿಂಗೇ, ಮಾಡೋನು ಬೇರೆ, ಚೆಕ್ ಮಾಡೋನು ಬೇರೆ, ದುಡ್ಡು ಮಾಡೋನಿಗೆ ಹೋಗುತ್ತೆ. ಬೇಜಾರಾದ್ರೆ ಕ್ಷಮ್ಸು.

ಹೆಬ್ಬಾಳ್ ಚೇಂಬರ್:
ಕುಟ್ಟೋನೇ, ನೀನು ಹೇಳ್ತಿರೋದು ಸಾಫ್ಟ್‌ವೇರ್ ಟೆಸ್ಟಿಂಗು. ಅದ್ರಲ್ಲಿ ಫೇಲ್ ಆದ್ರೆ ಬಗ್ ಹಾಕಿ ಡೆವಲಪರ್ ತಲೆಗೆ ಕಟ್ಟಿ ಮನೆಗೆ ಹೋಗ್ಬೋದು. ಇಲ್ಲಿ ಫೇಲ್ ಆದ್ರೆ ಬೋರ್ಡ್ ಮಾಡ್ದೋನು, ಕೇಬಲ್ ಮಾಡ್ದೋನು, ಡಬ್ಬ ಮಾಡ್ದೋನು ಮೂರು ಜನಾನೂ ಪಕ್ಕದಲ್ಲಿ ನಿಂತ್ಕೊಂಡು "ನಂದಲ್ಲ" ಅಂತಿರ್ತಾರೆ, ಯಾರದ್ದು ಅಂತ ತೋರಿಸ್ಬೇಕಾದೋನು ನೀನು.

ತಮ್ಮಾ, ನಾನು ಇದೇ ಕೆಲ್ಸದಲ್ಲಿ ಬಹಳ ವರ್ಷದಿಂದ ಇದೀನಿ, ಮೊದ್ಲು ಬುಡದಿಂದ ಹೇಳ್ತೀನಿ. ಯಾವ ಎಲೆಕ್ಟ್ರಾನಿಕ್ ಡಬ್ಬ ತಗೊಂಡ್ರೂ ಕೇಳೋ ಪ್ರಶ್ನೆ ಎರಡೇ, ಇದು ಪಕ್ಕದೋರಿಗೆ ತೊಂದ್ರೆ ಕೊಡುತ್ತಾ, ಪಕ್ಕದೋರು ಗಲಾಟೆ ಮಾಡಿದ್ರೆ ಇದು ತಡ್ಕೊಳುತ್ತಾ. ಮೊದಲ್ನೇದು ಎಮಿಷನ್, ಎರಡ್ನೇದನ್ನ ಮಿಲಿಟರಿಯವ್ರು ಸಸೆಪ್ಟಿಬಿಲಿಟಿ ಅಂತಾರೆ, ಸಿವಿಲ್ ಕಡೆಯವ್ರು ಇಮ್ಯುನಿಟಿ ಅಂತಾರೆ. ಎರಡರಲ್ಲೂ ವೈರ್ ಮೂಲಕ ಹೋಗೋದು ಒಂದು, ಗಾಳೀಲಿ ಹೋಗೋದು ಒಂದು. ಇದಕ್ಕೆಲ್ಲ ಸ್ಟ್ಯಾಂಡರ್ಡ್‌ಗಳಿವೆ, ಟಿವಿ, ಕಂಪ್ಯೂಟರ್ ಥರದ್ದಕ್ಕೆ ಸಿಸ್ಪರ್ 32, ಗಾಡಿಗಳಿಗೆ ಸಿಸ್ಪರ್ 25, ಡಿಫೆನ್ಸಿಗೆ ಮಿಲ್ ಸ್ಟ್ಯಾಂಡರ್ಡ್ 461. ಸಿಸ್ಪರ್ 32ರಲ್ಲಿ ವೈರ್ ಮೇಲಿನ ಗಲೀಜನ್ನ 150 ಕಿಲೋಹರ್ಟ್ಸಿಂದ 30 ಮೆಗಾಹರ್ಟ್ಸ್ ತನಕ ಅಳೀತಾರೆ, 30ರ ಮೇಲೆ ಆಂಟೆನಾ ಇಟ್ಟು ಅಳೀತಾರೆ. 461ರಲ್ಲಿ ಆಂಟೆನಾ ಇಡೋದು ಒಂದೇ ಮೀಟರ್ ದೂರದಲ್ಲಿ, ಅಳತೆ 10 ಕಿಲೋಹರ್ಟ್ಸಿಂದ ಶುರುವಾಗಿ 18 ಗಿಗಾಹರ್ಟ್ಸ್ ತನಕ ಹೋಗುತ್ತೆ. ನಂಬರ್ ಬಾಯಿಪಾಠ ಮಾಡ್ಬೇಡ, ಟೇಬಲ್ ನೋಡ್ಕೊಂಡೇ ಕೆಲ್ಸ ಮಾಡೋದು.

ಅವ್ವಂಗೆ ಹೇಳು: ಎಮಿಷನ್ ಟೆಸ್ಟಲ್ಲಿ ನಾವು ಸುಮ್ನೆ ಕೇಳಿಸ್ಕೊಳ್ತೀವಿ ಅಷ್ಟೇ, ಏನೂ ಬಿಡಲ್ಲ. ಬಿಡೋದು ಸಸೆಪ್ಟಿಬಿಲಿಟೀಲಿ. ಆಗ ಚೇಂಬರ್ (ರೇಡಿಯೋ ಅಲೆ ಒಳಗೆ ಹೊರಗೆ ಹೋಗದ ಹಾಗೆ ಮುಚ್ಚಿರೋ ಟೆಸ್ಟ್ ಕೋಣೆ) ಒಳಗೆ ಯಾರೂ ಇರಲ್ಲ, ಬಾಗಿಲಿಗೆ ಇಂಟರ್‌ಲಾಕ್ ಇರುತ್ತೆ, ತೆಗೆದ್ರೆ ಆಂಪ್ಲಿಫಯರ್ ಆಫ್. ಒಳಗೆ ಏನಾಗ್ತಿದೆ ಅಂತ ಹೊರಗೆ ಕ್ಯಾಮೆರಾದಲ್ಲಿ ನೋಡ್ತೀವಿ.

ಮಂಡ್ಯಸೀಮೆ ಇಸಿ:
ಥ್ಯಾಂಕ್ಸ್ ಅಣ್ಣಾ, ಅವ್ವಂಗೆ ಓದಿ ಹೇಳ್ದೆ, "ಬಾಗ್ಲು ನೆಟ್ಟಗೆ ಹಾಕ್ತಾರ ಕೇಳು" ಅಂದ್ರು 😄 ಅಣ್ಣ ಸಿಸ್ಟಮ್ಸ್ ಅನ್ನೋ ಪದ ಯಾಕ್ ಹಾಕವ್ರೆ ಅನ್ನೋದೇ ತಿಳೀತಿಲ್ಲ, ಟೆಸ್ಟ್ ಇಂಜಿನಿಯರ್ ಅಂತಾನೇ ಹಾಕ್ಬೋದಿತ್ತಲ್ವ?

ಹೆಬ್ಬಾಳ್ ಚೇಂಬರ್:
ಒಂದು ಉದಾಹರಣೆ ಹೇಳ್ತೀನಿ, ಅರ್ಥ ಆಗುತ್ತೆ. ಒಂದ್ಸಲ ಒಂದು ಡಬ್ಬ ಬಂತು, ಒಳಗೆ ಈಥರ್ನೆಟ್ ಇತ್ತು, 25 ಮೆಗಾಹರ್ಟ್ಸ್ ಕ್ಲಾಕು. ಸ್ಕ್ಯಾನ್ ಹಾಕಿದ್ರೆ 125ರಲ್ಲಿ ಒಂದು ಪೀಕು ಲಿಮಿಟ್ ಗೆರೆ ದಾಟಿ ಎದ್ದು ನಿಂತಿದೆ. 25ರ ಐದನೇ ಹಾರ್ಮೋನಿಕ್, ಅಂದ್ರೆ ಐದು ಪಟ್ಟು, ಅಷ್ಟು ಎಲ್ರಿಗೂ ಗೊತ್ತಾಯ್ತು, ಬೋರ್ಡ್‌ನೋನ ಕಡೆ ಎಲ್ರೂ ತಿರುಗಿ ನೋಡಿದ್ರು. ಅವನು ಪಾಪ ಲೇಔಟ್ ಬದಲಾಯಿಸ್ಬೇಕಾಗುತ್ತೇನೋ ಅಂತ ಮುಖ ಸಣ್ಣ ಮಾಡ್ಕೊಂಡ. ಕೇಬಲ್ ಕಿತ್ವಿ, ಪೀಕು ಮಾಯ. ಹಾಕಿದ್ವಿ, ತಿರ್ಗಾ ಬಂತು. ಅಂದ್ರೆ ಬೋರ್ಡ್ ಒಳಗೆ ಹುಟ್ಟೋದೇನೋ ಸರಿ, ಆಂಟೆನಾ ಆಗಿ ಹೊರಗೆ ಎಸೀತಿರೋದು ಕೇಬಲ್ಲು. ಕೇಬಲ್‌ಗೆ ಶೀಲ್ಡ್ (ಸುತ್ತ ಲೋಹದ ಹೆಣಿಗೆ) ಇದೆಯಲ್ಲ ಅಂತಾರೆ. ಇದೆ, ಆದ್ರೆ ಕನೆಕ್ಟರ್ ಹಿಂದ್ಗಡೆ ಕವರ್ ಬಿಚ್ಚಿ ನೋಡಿದ್ರೆ ಶೀಲ್ಡಿನ ಎಳೆಗಳನ್ನೆಲ್ಲ ಹೊಸೆದು ಒಂದು ಬೆರಳುದ್ದ ಬಾಲ ಮಾಡಿ ಒಂದು ಪಿನ್‌ಗೆ ಸಾಲ್ಡರ್ ಹಾಕಿದಾರೆ. ಇದಕ್ಕೇ ಪಿಗ್‌ಟೇಲ್ ಅನ್ನೋದು. ಮಲ್ಟಿಮೀಟರಲ್ಲಿ ನೋಡಿದ್ರೆ ಶೂನ್ಯ ಓಮು, ಎಲ್ಲ ಚೆನ್ನಾಗಿದೆ. 125 ಮೆಗಾಹರ್ಟ್ಸಿಗೆ ಅದು ಇಂಡಕ್ಟರು, ಅಂದ್ರೆ ದಾರಿಗೆ ಅಡ್ಡ, ಶೀಲ್ಡ್ ಇದ್ದೂ ಇಲ್ಲದ ಹಾಗೆ.

ಶೀಲ್ಡನ್ನ ಸುತ್ತಲೂ 360 ಡಿಗ್ರಿ ಹಿಡಿಯೋ ಬ್ಯಾಕ್‌ಶೆಲ್ (ಕನೆಕ್ಟರ್ ಹಿಂದಿನ ಲೋಹದ ಕವರ್) ಹಾಕ್ಸಿದ್ವಿ, ಪೀಕು ಇಳೀತು, ಆದ್ರೂ ಗೆರೆ ಕೆಳಗೆ ಬರ್ಲಿಲ್ಲ. ಆಮೇಲೆ ಕನೆಕ್ಟರನ್ನೇ ಡಬ್ಬದಿಂದ ಬಿಚ್ಚಿದ್ವಿ, ಅದು ಕೂರೋ ಜಾಗದಲ್ಲೆಲ್ಲ ಚೆನ್ನಾಗಿ ಪೌಡರ್ ಕೋಟಿಂಗ್ ಹೊಡ್ದಿದಾರೆ! ಕನೆಕ್ಟರ್ ಮೈಗೂ ಡಬ್ಬಕ್ಕೂ ಸಂಬಂಧ ಇದ್ದಿದ್ದು ನಾಲ್ಕು ಸ್ಕ್ರೂ ದಾರೀಲಿ ಮಾತ್ರ. ಪೇಂಟ್ ಕೆರೆದು ಸ್ಯಾಂಡ್ ಪೇಪರ್ ಉಜ್ಜಿ ಲೋಹ ಕಾಣೋ ಹಾಗೆ ಮಾಡಿ ಬಿಗಿ ಮಾಡಿದ್ವಿ, ಪೀಕು ಗೆರೆಯಿಂದ ಎಷ್ಟೋ ಕೆಳಗೆ ಹೋಗಿ ಕೂತ್ಕೊಳ್ತು. ಬೋರ್ಡಲ್ಲಿ ಒಂದು ಟ್ರೇಸೂ ಮುಟ್ಲಿಲ್ಲ.

ಕೆಲ್ಸ ಅಲ್ಲಿಗೆ ಮುಗೀಲಿಲ್ಲ. ಮುಂದಿನ ಡಬ್ಬಕ್ಕೂ ಹಾಗೇ ಪೇಂಟ್ ಬರಬಾರ್ದು ಅಂದ್ರೆ ಮೆಕ್ಯಾನಿಕಲ್ ಡ್ರಾಯಿಂಗಲ್ಲಿ "ಇಲ್ಲಿ ಮಾಸ್ಕ್ ಮಾಡಿ" ಅಂತ ಬರೆಸ್ಬೇಕು, ಕೇಬಲ್ ಡ್ರಾಯಿಂಗಲ್ಲಿ ಬ್ಯಾಕ್‌ಶೆಲ್ ಪಾರ್ಟ್ ನಂಬರ್ ಬದ್ಲಾಗ್ಬೇಕು, ಪರ್ಚೇಸ್‌ನೋನು ಅಗ್ಗದ್ದು ತರದಂಗೆ ನೋಡ್ಕೋಬೇಕು, ಕಸ್ಟಮರ್ ರಿಕ್ವೈರ್ಮೆಂಟಿನ ಯಾವ ಕ್ಲಾಜಿಗೆ ಯಾವ ಟೆಸ್ಟ್ ರಿಪೋರ್ಟಿನ ಯಾವ ಪುಟ ಉತ್ತರ ಅಂತ ಪಟ್ಟಿ ಇಡ್ಬೇಕು. ಸ್ಪೆಕ್ಟ್ರಂ ಅನಲೈಸರ್ (ಯಾವ ಫ್ರೀಕ್ವೆನ್ಸೀಲಿ ಎಷ್ಟು ಗಲಾಟೆ ಅಂತ ತೋರ್ಸೋ ಯಂತ್ರ) ಮುಂದೆ ಕೂರೋದು ಟೆಸ್ಟ್ ಇಂಜಿನಿಯರು. ಆ ಪೀಕಿಂದ ಹಿಡ್ದು ಡ್ರಾಯಿಂಗಿನ ಮಾಸ್ಕಿಂಗ್ ನೋಟ್ ತನಕ ಒಂದೇ ದಾರ ಹಿಡ್ಕೊಂಡು ಹೋಗೋನು ಸಿಸ್ಟಮ್ಸ್ ಇಂಜಿನಿಯರು.

ಕಡಕೊಳ ಹಾರ್ನೆಸ್:
ಮೇಲಿನ ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ, ಆದ್ರೆ ಒಂದು ಕಹಿ ಮಾತು ಸೇರಿಸ್ತೀನಿ. ನಾನು ಗಾಡಿಗಳ ವೈರಿಂಗ್ ಹಾರ್ನೆಸ್ ಕಡೆ. ನಾನು ಮೊದ್ಲು ಸೇರಿದ್ದ ಒಂದು ಕಡೆ ಇಂಥದ್ದೇ ದೊಡ್ಡ ಹೆಸ್ರಿನ ಪೋಸ್ಟ್ ಕೊಟ್ಟು, ಬಾಂಡ್ ಬರೆಸ್ಕೊಂಡು, ಸರ್ಟಿಫಿಕೇಟ್ ಒರಿಜಿನಲ್ ಇಸ್ಕೊಂಡು, ಕೊನೆಗೆ ಮಾಡ್ಸಿದ್ದು ಏನಪ್ಪಾ ಅಂದ್ರೆ ಆಂಟೆನಾ ಎತ್ತೋದು ಇಳಿಸೋದು, ಫೋಟೋ ತೆಗೆಯೋದು, ಹಳೇ ರಿಪೋರ್ಟಲ್ಲಿ ಸೀರಿಯಲ್ ನಂಬರ್ ಬದ್ಲಾಯ್ಸೋದು. ಫೇಲ್ ಆದ್ರೆ ಯಾಕೆ ಅಂತ ಕೇಳೋ ಹಾಗಿಲ್ಲ, ಡಿಸೈನ್ ಟೀಮು ಬೆಂಗ್ಳೂರಲ್ಲಿ, ಅವರಿಗೆ ಮೇಲ್ ಹಾಕಿ ಸುಮ್ನಿರ್ಬೇಕು. ಅದ್ರಲ್ಲಿ ಕೊಳೆಯೋದು ನಿಜಾನೇ.

ಅದಕ್ಕೆ ಹೋಗೋದಕ್ಕೆ ಮುಂಚೆ ಇಂಟರ್‌ವ್ಯೂನಲ್ಲಿ ನೀನೇ ಕೇಳು: ಟೆಸ್ಟ್ ಪ್ಲಾನ್ ಬರೆಯೋರು ಯಾರು ಸಾರ್? ಫೇಲ್ ಆದ್ರೆ ಡೀಬಗ್ ಇಲ್ಲೇ ಮಾಡ್ತೀರಾ? ಡಿಸೈನ್ ರಿವ್ಯೂನಲ್ಲಿ ಇಎಂಸಿಯವ್ರನ್ನ (ಈ ಇಂಟರ್‌ಫಿಯರೆನ್ಸ್ ನೋಡ್ಕೊಳ್ಳೋರು) ಕೂರಿಸ್ಕೊಳ್ತೀರಾ? ಉತ್ತರ ತಡವರಿಸಿದ್ರೆ ಗೊತ್ತಾಗ್ಬಿಡುತ್ತೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರಿಗೂ ಕೊಡ್ಬೇಡ, ಝೆರಾಕ್ಸ್ ಕೊಡು.

ಕೋಡ್ ಕುಟ್ಟೋನು:
ನೋಡಿದ್ಯಾ, ನಾನು ಹೇಳಿದ್ದೇ ಇದು.

ಕಡಕೊಳ ಹಾರ್ನೆಸ್:
ಅಲ್ಲಪ್ಪ, ಅದೇ ಅನುಭವ ತೋರ್ಸೇ ನಾನು ಈಗಿರೋ ಕಡೆ ಬಂದಿದ್ದು. ಈಗ ಗಾಡಿಗಳಲ್ಲೆಲ್ಲ ಮೋಟ್ರು ಕಂಟ್ರೋಲರ್ರು, ಡಿಸಿ ಡಿಸಿ ಕನ್ವರ್ಟರ್ರು, ಎಲ್ಲ ಸ್ವಿಚಿಂಗ್ ಮಯ. ಎಲೆಕ್ಟ್ರಿಕ್ ಸ್ಕೂಟ್ರಲ್ಲಿ ಎಂಥ ಗಲಾಟೆ ಇರುತ್ತೆ ಅಂತ ಒಂದ್ಸಲ ಅನಲೈಸರಲ್ಲಿ ನೋಡ್ಬೇಕು ನೀನು. ನಮ್ ದೇಶದಲ್ಲಿ ಗಾಡಿ ಇಎಂಸಿಗೆ ಎಐಎಸ್ 004 ಭಾಗ 3 ಅಂತಾನೇ ಇದೆ, ಪಾಸಾಗ್ದೆ ರೋಡಿಗೆ ಬರಂಗಿಲ್ಲ. ಕೆಲ್ಸ ಗೊತ್ತಿರೋರು ಸಿಗ್ತಿಲ್ಲ.

ನಾಯ್ಸ್ ಫ್ಲೋರ್:
ನಾನು ಮೈಸೂರಿನೋಳೇ, ಈಗ ರೇಡಿಯೋ ಟೆಲಿಸ್ಕೋಪ್ ಉಪಕರಣಗಳ ಕೆಲ್ಸದಲ್ಲಿದೀನಿ, ಹಾಗಾಗಿ ಈ ಆರ್‌ಎಫ್‌ಐ (ರೇಡಿಯೋ ಇಂಟರ್‌ಫಿಯರೆನ್ಸ್) ಅನ್ನೋ ಭೂತದ ಇನ್ನೊಂದು ಮುಖ ನೋಡಿದೀನಿ. ನಿಮ್ಗೆಲ್ಲ ಲಿಮಿಟ್ ಗೆರೆ ಅನ್ನೋದು ಒಂದಿದೆ, ಕೆಳಗೆ ಬಂದ್ರೆ ಪಾಸು. ನಮ್ಗೆ ಅದು ಸಾಲಲ್ಲ. ದಸರಾ ಮೆರವಣಿಗೆ ಬ್ಯಾಂಡ್ ಪಕ್ಕ ನಿಂತ್ಕೊಂಡು ಕಿವೀಲಿ ಪಿಸುಗುಟ್ಟಿದ್ದು ಕೇಳಿಸ್ಕೊಳ್ಳೋ ಕೆಲ್ಸ ನಮ್ದು. ಅಂಗಡೀಲಿ ಮಾರೋ ಪಾಸಾದ ಲ್ಯಾಪ್‌ಟಾಪ್ ಚಾರ್ಜರ್ ಕೂಡ ನಮ್ ಡಿಶ್ ಹತ್ರ ಇಡೋ ಹಾಗಿಲ್ಲ.

ನಮ್ ಕರ್ನಾಟಕದ್ದೇ ಉದಾಹರಣೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವ್ರು ಸಾರಸ್ 3 ಅನ್ನೋ ಉಪಕರಣನ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಟ್ಟು ಅಳತೆ ಮಾಡಿದ್ರು, ವಿಶ್ವದ ಮೊದಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಸಿಗ್ನಲ್ ಹುಡ್ಕೋಕೆ. ಹೈಡ್ರೋಜನ್ ಸಿಗ್ನಲ್ ಹುಟ್ಟೋದು 1420 ಮೆಗಾಹರ್ಟ್ಸಲ್ಲಿ, ಆದ್ರೆ ಅಷ್ಟು ಹಳೇದು ನಮ್ ತನಕ ಬರೋ ಹೊತ್ಗೆ ವಿಶ್ವದ ಜೊತೆ ಅಲೆನೂ ಹಿಗ್ಗಿ ಹಿಗ್ಗಿ ಎಫ್‌ಎಂ ರೇಡಿಯೋ ಇರೋ ಜಾಗದ ಆಸುಪಾಸಿಗೆ ಇಳ್ದಿರುತ್ತೆ. ಅದಕ್ಕೇ ಎಫ್‌ಎಂ ಗಲಾಟೆ ಕಮ್ಮಿ ಇರೋ ದೂರದ ಜಾಗ ಹುಡ್ಕೊಂಡು ಹೋಗ್ಬೇಕು. ನೀರಿನ ಮೇಲೆ ಯಾಕೆ ಅಂದ್ರೆ ಆಂಟೆನಾ ಕೆಳಗೆ ಮಣ್ಣು ಕಲ್ಲು ಪದರ ಪದರ ಇದ್ರೆ ಅದೇ ಅಳತೆ ಕೆಡ್ಸುತ್ತೆ, ನೀರು ಒಂದೇ ಸಮ. ಇಷ್ಟೆಲ್ಲ ಮಾಡಿ ಕೊನೆಗೆ ಪಕ್ಕದಲ್ಲಿರೋ ನಿಮ್ದೇ ಡಿಜಿಟಲ್ ಬೋರ್ಡು ಕಿರಿಚಿದ್ರೆ? ಆ ಬೋರ್ಡನ್ನ ಶೀಲ್ಡ್ ಮಾಡಿ, ಎಷ್ಟು ಡಿಬಿ (ಸಿಗ್ನಲ್ ಬಲದ ಅಳತೆ) ಅಡಗ್ಸಿದೀವಿ ಅಂತ ಅಳ್ದು ತೋರಿಸೋದೇ ಈ ಹುಡುಗನಿಗೆ ಬಂದಿರೋ ಥರದ ಕೆಲ್ಸ.

ಮೈಸೂರಿಂದ ಬಂಡೀಪುರ ದಾಟಿದ್ರೆ ಊಟಿ ರೇಡಿಯೋ ಟೆಲಿಸ್ಕೋಪು, 530 ಮೀಟರ್ ಉದ್ದ, 1970ರಿಂದ ಇದೆ, 326.5 ಮೆಗಾಹರ್ಟ್ಸಲ್ಲಿ ಕೇಳುತ್ತೆ. ನಮ್ಮೋರು ಬೊಟಾನಿಕಲ್ ಗಾರ್ಡನ್ ನೋಡಿ ಟೀ ಪುಡಿ ತಗೊಂಡು ವಾಪಸ್ ಬರ್ತಾರೆ! ಅಮೆರಿಕದಲ್ಲಿ ಗ್ರೀನ್ ಬ್ಯಾಂಕ್ ಅಂತ ಊರಿದೆ, ಅಲ್ಲಿಯ ಟೆಲಿಸ್ಕೋಪಿಗೋಸ್ಕರ 1958ರಲ್ಲೇ ಸುತ್ತ 13,000 ಚದರ ಮೈಲಿ ರೇಡಿಯೋ ನಿಶ್ಶಬ್ದ ವಲಯ ಮಾಡಿದ್ರು. ಅಂಥ ಕಡೆ ಎಂಟ್ರಿ ಲೆವೆಲ್ ಸಿಸ್ಟಮ್ಸ್ ಇಂಜಿನಿಯರಿಗೂ ಇಂಥ ಕೆಲ್ಸ ಇರ್ಬೋದು, ಸೈಟಿಗೆ ಬರೋ ಉಪಕರಣನ ಮೊದ್ಲು ಚೇಂಬರಲ್ಲಿಟ್ಟು ಅಳೆಯೋದು.

ಮಂಡ್ಯಸೀಮೆ ಇಸಿ:
ಅಕ್ಕಾ ಇದೆಲ್ಲ ಗೊತ್ತೇ ಇರ್ಲಿಲ್ಲ. ಒಂದು ಡೌಟು. ಲಿಮಿಟ್ ಒಳಗಿದ್ರೂ ಸಾಲಲ್ಲ ಅಂದ್ರಲ್ಲ, ಅದು ಟೆಲಿಸ್ಕೋಪಿಗೆ ಮಾತ್ರನಾ ಇಲ್ಲ ಮಾಮೂಲಿ ಡಬ್ಬಗಳಿಗೂನಾ?

ನಾಯ್ಸ್ ಫ್ಲೋರ್:
ಒಳ್ಳೇ ಪ್ರಶ್ನೆ, ಇದನ್ನೇ ಇಂಟರ್‌ವ್ಯೂನಲ್ಲಿ ಮಾತಾಡು. ಜಿಪಿಎಸ್ ತಗೋ, 1575.42 ಮೆಗಾಹರ್ಟ್ಸು, ನೆಲಕ್ಕೆ ಬರೋ ಹೊತ್ಗೆ ಸಿಗ್ನಲ್ಲು ಸುಮಾರು ಮೈನಸ್ 130 ಡಿಬಿಎಂ, ಅಂದ್ರೆ ತೀರಾ ಸಣ್ಣದು. ಈಗ ಒಂದು ಡ್ರೋನ್ ಕಲ್ಪಿಸ್ಕೋ, ಅದ್ರಲ್ಲಿ ಕ್ಯಾಮೆರಾ ಬೋರ್ಡು, ಜಿಪಿಎಸ್ ಆಂಟೆನಾ ಎರಡೂ ಗೇಣುದ್ದ ದೂರ. ಕ್ಯಾಮೆರಾ ಬೋರ್ಡಲ್ಲಿ 525ರ ಹತ್ರ ಒಂದು ಕ್ಲಾಕ್ ಇದ್ರೆ ಮೂರನೇ ಹಾರ್ಮೋನಿಕ್ ನೆಟ್ಟಗೆ ಜಿಪಿಎಸ್ ಮೇಲೆ ಕೂರುತ್ತೆ. ಚೇಂಬರಲ್ಲಿ ಕ್ಯಾಮೆರಾ ಒಂದನ್ನೇ ಇಟ್ಟು ಅಳೆದ್ರೆ ಪಾಸು, ಯಾಕಂದ್ರೆ ಲಿಮಿಟ್ ಬರ್ದೋರು ಗೇಣು ದೂರದಲ್ಲಿ ಜಿಪಿಎಸ್ ಇರುತ್ತೆ ಅಂತ ಅಂದ್ಕೊಂಡು ಬರ್ದಿಲ್ಲ. ಎರಡನ್ನೂ ಒಟ್ಟಿಗೆ ಇಟ್ರೆ ಜಿಪಿಎಸ್‌ಗೆ ಸ್ಯಾಟಲೈಟ್ ಸಿಗ್ನಲ್ಲೇ ಹಿಡಿಯೋಕಾಗಲ್ಲ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಪಕ್ಕ ವೈರ್‌ಲೆಸ್ ಮೌಸಿನ ಡಾಂಗಲ್ ಹಾಕಿದ್ರೆ ಮೌಸ್ ತೊದಲುತ್ತಲ್ಲ, ಅದೂ ಇದೇ ಕಥೆ, ಯುಎಸ್‌ಬಿ 3ರ ಗಲಾಟೆ 2.4 ಗಿಗಾಹರ್ಟ್ಸ್ ಬ್ಯಾಂಡಿಗೂ ಹರಡುತ್ತೆ. ಎರಡಕ್ಕೂ ಸರ್ಟಿಫಿಕೇಟ್ ಇರುತ್ತೆ! ಪಾಸ್ ಸರ್ಟಿಫಿಕೇಟ್ ಬೇರೆ, ಒಟ್ಟಿಗೆ ಕೆಲ್ಸ ಮಾಡೋದು ಬೇರೆ. ಈ ಎರಡ್ನೇದಕ್ಕೆ ತಲೆ ಕೊಡೋ ಜನ ಕಂಪನೀಲಿ ಯಾರೂ ಇಲ್ಲ ಅಂದ್ರೆ ಆ ಜಾಗಕ್ಕೆ ನೀನು ಬೆಳೀಬೋದು.

ಯಾದವಗಿರಿ ಮೇಷ್ಟ್ರು:
ನಿವೃತ್ತ ಮೇಷ್ಟ್ರು ನಾನು, ಹ್ಯಾಮ್ (ಹವ್ಯಾಸಿ ರೇಡಿಯೋದೋನು) ಕೂಡ. ಮೈಸೂರಿಗೂ ರೇಡಿಯೋಗೂ ನಂಟು ಹಳೇದು ಕಣಯ್ಯ, 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವ್ರು ನಮ್ ಏರಿಯಾದಲ್ಲೇ ಮನೆಯಿಂದ ಪ್ರಸಾರ ಶುರು ಮಾಡಿದ್ದು, ಅದಕ್ಕೇ ಆಕಾಶವಾಣಿ ಅನ್ನೋ ಹೆಸ್ರು ಬಂದಿದ್ದು. ಅವ್ರು ಮನಶ್ಶಾಸ್ತ್ರದ ಮೇಷ್ಟ್ರು, ಇಸಿ ಅಲ್ಲ. ಇರ್ಲಿ.

ಇಂಟರ್‌ವ್ಯೂಗೆ ಒಂದು ಲೆಕ್ಕ ಕೊಡ್ತೀನಿ. ಮೂರು ಮೀಟರ್ ದೂರದಲ್ಲಿ 10 ವೋಲ್ಟ್ ಪರ್ ಮೀಟರ್ ಫೀಲ್ಡ್ ಬೇಕು, ಆಂಟೆನಾ ಗೇನ್ 5, ಎಷ್ಟು ವ್ಯಾಟ್ ಬೇಕು? ಫೀಲ್ಡ್ ಅಂದ್ರೆ 30 ಗುಣಿಸು ಪವರ್ ಗುಣಿಸು ಗೇನ್, ಅದರ ವರ್ಗಮೂಲ, ಭಾಗಿಸು ದೂರ. ಹಿಂದಿಂದ ಮಾಡು: 10 ಮೂರಲ 30, ವರ್ಗ ಮಾಡಿದ್ರೆ 900, ಅದನ್ನ 150ರಿಂದ (30 ಗುಣಿಸು ಗೇನ್ 5) ಭಾಗಿಸಿದ್ರೆ 6 ವ್ಯಾಟು. ಇಷ್ಟಕ್ಕೆ ನಿಲ್ಲಿಸಿದ್ರೆ ಅರ್ಧ ಮಾರ್ಕ್ಸು. ಐಇಸಿ 61000-4-3 ಅನ್ನೋ ಇಮ್ಯುನಿಟಿ ಟೆಸ್ಟಲ್ಲಿ 1 ಕಿಲೋಹರ್ಟ್ಸಿನ 80 ಪರ್ಸೆಂಟ್ ಎಎಂ ಮಾಡ್ಯುಲೇಷನ್ (ಸಿಗ್ನಲ್ ಬಲನ ಏರಿಸಿ ಇಳಿಸೋದು) ಹಾಕ್ತಾರೆ, ತುದೀಲಿ ವೋಲ್ಟೇಜು 1.8 ಪಟ್ಟು, ಪವರ್ 3.24 ಪಟ್ಟು, ಅಲ್ಲಿಗೆ 19 ವ್ಯಾಟ್ ದಾಟ್ತು. ಅದರ ಮೇಲೆ ಕೇಬಲ್ ನಷ್ಟ. ಹಾಗಾಗಿ 6 ವ್ಯಾಟಿನ ಆಂಪ್ಲಿಫಯರ್ ತಂದೋನು ಬೈಸ್ಕೊಳ್ತಾನೆ. ಆಮೇಲೆ 50 ಓಮಿಗೆ 0 ಡಿಬಿಎಂ ಅಂದ್ರೆ 107 ಡಿಬಿ ಮೈಕ್ರೋವೋಲ್ಟ್, ಇದು ಮಾತ್ರ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಬರ್ಬೇಕು. ಹ್ಯಾಮ್ ಲೈಸೆನ್ಸ್ ಮಾಡ್ಸು, ಪರೀಕ್ಷೆ ಕಷ್ಟ ಇಲ್ಲ.

ಹೆಬ್ಬಾಳ್ ಚೇಂಬರ್:
ಮೇಷ್ಟ್ರೇ ನಮಸ್ಕಾರ, 107 ನಾವೂ ಕೇಳ್ತೀವಿ 😄 ತಮ್ಮಾ ಇನ್ನೊಂದು, ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ರೇಡಿಯೋ ರಿಸೀವರ್) ಒಂದು ತಗೋ, ದುಬಾರಿ ಅಲ್ಲ, ಸುಮಾರು 24 ಮೆಗಾಹರ್ಟ್ಸಿಂದ 1.7 ಗಿಗಾ ತನಕ ನೋಡ್ಬೋದು. ಕೋಆಕ್ಸ್ ಕೇಬಲ್ ತುದೀಲಿ ಉಂಗುರದಷ್ಟು ಲೂಪ್ ಮಾಡಿದ್ರೆ ನಿಯರ್ ಫೀಲ್ಡ್ ಪ್ರೋಬ್ (ಹತ್ರ ಹಿಡಿದು ಗಲಾಟೆ ಎಲ್ಲಿಂದ ಅಂತ ಹುಡ್ಕೋದು) ರೆಡಿ. ಮನೇಲಿರೋ ಸೆಟ್‌ಟಾಪ್ ಬಾಕ್ಸ್, ಎಲ್‌ಇಡಿ ಬಲ್ಬ್, ಚಾರ್ಜರ್ ಎಲ್ಲದರ ಹತ್ರ ಹಿಡಿ, ಏನು ಕಂಡ್ತು ಅಂತ ಬರ್ದಿಡು. ಅದೇ ನಾಲ್ಕು ಪುಟ ಇಂಟರ್‌ವ್ಯೂಗೆ ತಗೊಂಡ್ ಹೋಗು, ನಿನ್ನ ಫೈನಲ್ ಇಯರ್ ಪ್ರಾಜೆಕ್ಟಿಗಿಂತ ಅದರ ಬಗ್ಗೆನೇ ಜಾಸ್ತಿ ಕೇಳ್ತಾರೆ.

ಮಂಡ್ಯಸೀಮೆ ಇಸಿ:
ಅಪ್‌ಡೇಟ್: ಎರಡನೇ ರೌಂಡ್ ಆಯ್ತು. ಹಾರ್ನೆಸ್ ಅಣ್ಣ ಹೇಳ್ದಂಗೆ ಟೆಸ್ಟ್ ಪ್ಲಾನ್ ಯಾರು ಬರೀತಾರೆ ಅಂತ ಕೇಳ್ದೆ, ಎದ್ರಿಗೆ ಕೂತಿದ್ದ ಸಾರ್ ನಕ್ಬುಟ್ಟು "ಈಗ ನಾನೇ ಬರೀತೀನಿ, ನಿನ್ ಕೈಲಿ ಬರೆಸ್ಬೇಕು ಅಂತಾನೇ ತಗೊಳ್ತಿರೋದು" ಅಂದ್ರು. ಡೀಬಗ್ ಅಲ್ಲೇ ಅಂತೆ, ಪ್ರೀ ಕಂಪ್ಲಯನ್ಸಿಗೆ (ಪೂರ್ತಿ ಟೆಸ್ಟಿಗೆ ಮುಂಚೆ ನಾವೇ ನೋಡ್ಕೊಳೋದು) ಸಣ್ಣ ರೂಮಿದೆ, ಪೂರ್ತಿ ಟೆಸ್ಟಿಗೆ ಬೆಂಗ್ಳೂರು ಇಲ್ಲ ಚೆನ್ನೈ ಲ್ಯಾಬಿಗೆ ಹೋಗ್ಬೇಕಂತೆ. ಜಿಪಿಎಸ್ ವಿಷ್ಯ ಎತ್ತಿದ್ದಕ್ಕೆ ಅರ್ಧ ಗಂಟೆ ಅದೇ ಮಾತು. 107 ಕೇಳ್ಲಿಲ್ಲ ಮೇಷ್ಟ್ರೇ! ಬಾಂಡ್ ಅದೆ, ಆದ್ರೆ ಒರಿಜಿನಲ್ ಕೇಳ್ಲಿಲ್ಲ. ಸೇರ್ಕತೀನಿ ಅಂತ ಒಪ್ಕಂಡೆ. ಮಂಡ್ಯದಿಂದ ದಿನಾ ಟ್ರೇನಲ್ಲಿ ಓಡಾಡೋದಾ, ಅಲ್ಲೇ ರೂಮ್ ಮಾಡೋದಾ?

ಕಡಕೊಳ ಹಾರ್ನೆಸ್:
ಸೀಸನ್ ಪಾಸ್ ಅಗ್ಗ ನಿಜ, ಆದ್ರೆ ಚೇಂಬರ್ ಸ್ಲಾಟ್ ರಾತ್ರಿ ಹತ್ತಕ್ಕೆ ಮುಗುದ್ರೆ ಏನ್ ಮಾಡ್ತೀಯ? ಸ್ಕ್ಯಾನ್ ಅರ್ಧಕ್ಕೆ ಬಿಟ್ಟು ಟ್ರೇನ್ ಹಿಡಿಯೋಕಾಗಲ್ಲ. ಹೆಬ್ಬಾಳ್ ಸುತ್ತಮುತ್ತ ಇಲ್ಲ ವಿಜಯನಗರದ ಕಡೆ ಇಬ್ರು ಮೂವ್ರು ಸೇರಿ ರೂಮ್ ಮಾಡ್ಕೊಳಿ.

ಕೋಡ್ ಕುಟ್ಟೋನು:
ಆಯ್ತು ಗುರು, ಒಳ್ಳೇದಾಗ್ಲಿ. ಸಂಬಳದ ವಿಷ್ಯದಲ್ಲಿ ನನ್ ಮಾತು ನಾನು ವಾಪಸ್ ತಗೊಳಲ್ಲ, ಆದ್ರೆ ಆ ಪೇಂಟ್ ಕೆರೆದ ಕಥೆ ಚೆನ್ನಾಗಿತ್ತು. ಅಂದ್ಹಾಗೆ ನಮ್ಮನೇಲಿ ಹೊಸ ಎಲ್‌ಇಡಿ ಹಾಕಿದ್ಮೇಲೆ ಅಪ್ಪನ ರೇಡಿಯೋ ಗೊರ್ ಅಂತಿದೆ, ಎಎಂ ಸ್ಟೇಷನ್ನೇ ಬರ್ತಿಲ್ಲ, ಏನ್ ಮಾಡೋದು ಹೇಳ್ರಪ್ಪ ಎಕ್ಸ್‌ಪರ್ಟ್‌ಗಳು.

ಹೆಬ್ಬಾಳ್ ಚೇಂಬರ್:
ಬಲ್ಬ್ ಒಳಗಿನ ಡ್ರೈವರಲ್ಲಿ (ಕರೆಂಟ್ ಕೊಡೋ ಸರ್ಕ್ಯೂಟಲ್ಲಿ) ಫಿಲ್ಟರ್ ಹಾಕ್ದೆ ದುಡ್ಡು ಉಳ್ಸಿರ್ತಾರೆ, ಅಗ್ಗದ್ದು ತಂದಿರ್ತೀಯ. ಒಂದೊಂದೇ ಬಲ್ಬ್ ಆಫ್ ಮಾಡಿ ಯಾವ್ದು ಅಂತ ಮೊದ್ಲು ಹಿಡಿ, ಬ್ರ್ಯಾಂಡ್ ಬದ್ಲಾಯ್ಸಿ ನೋಡು, ರೇಡಿಯೋನ ಆ ವೈರಿಂಗ್ ಹೋಗಿರೋ ಗೋಡೆಯಿಂದ ದೂರ ಇಡು. ಆಗ್ಲೂ ಹೋಗ್ಲಿಲ್ಲ ಅಂದ್ರೆ ಮೇನ್ ಸ್ವಿಚ್ ಆಫ್ ಮಾಡಿ ಬ್ಯಾಟರೀಲಿ ರೇಡಿಯೋ ಹಾಕು, ಇನ್ನೂ ಗೊರ್ ಅಂದ್ರೆ ಪಕ್ಕದ ಮನೆಯೋರ್ದು.